ಸ್ವಚ್ಛತಾ ಗುತ್ತಿಗೆದಾರರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀ ಸಕ್ಕರ್ ಮೀನು ಅವರು,
ಸ್ವಚ್ಛತಾ ಗುತ್ತಿಗೆದಾರರು,
ಎರಡಡಿ ಗಾಜಿನ ತೊಟ್ಟಿ, ಟೀವಿಯ ಎಡಕ್ಕೆ,
ನಮ್ಮ ಮನೆ, ಬೆಂಗಳೂರು.

ವಿಷಯ: ತೊಟ್ಟಿಯ ತಳದ ಕೊಳೆ ತೆಗೆಯುವ ಕಾಮಗಾರಿ ಮೂರು ವರ್ಷವಾದರೂ ಆರಂಭವಾಗದಿರುವ ಬಗ್ಗೆ.

ಮಾನ್ಯರೇ,

ಇದನ್ನು ಬರೆಯುವ ಹೊತ್ತಿಗೆ ಭಾನುವಾರ ಬೆಳಿಗ್ಗೆ ಹತ್ತೂವರೆ. ನನ್ನ ಬಾಯಲ್ಲಿ ಇನ್ನೂ ತಮ್ಮ ತೊಟ್ಟಿಯ ನೀರಿನ ರುಚಿ ಇದೆ. ಎರಡು ಸಲ ಬಾಯಿ ಮುಕ್ಕಳಿಸಿದೆ, ಒಂದು ಲೋಟ ಕಾಫಿ ಕುಡಿದೆ, ಹೋಗಲಿಲ್ಲ. ಪಾಚಿಗಟ್ಟಿದ ಕಲ್ಯಾಣಿಯ ನೀರಿಗೆ ಒಣಸೀಗಡಿ ನೆನೆಹಾಕಿದರೆ ಹೇಗಿರಬಹುದೋ ಹಾಗೆ. ಹೆಸರು ತಮ್ಮದು, ಹೀರುವ ಕೆಲಸ ನನ್ನದು. ಈ ಪತ್ರದ ಸಾರಾಂಶ ಇಷ್ಟೇ; ಆದರೆ ದೂರು ಕೊಡುವವನು ಹಿನ್ನೆಲೆ ಹೇಳದೆ ಬಿಟ್ಟರೆ ದೂರಿಗೆ ತೂಕವಿರುವುದಿಲ್ಲ.

ತಮ್ಮ ನೇಮಕಾತಿ ನಡೆದದ್ದು ಹೀಗೆ. ನಾಲ್ಕು ಗೋಲ್ಡ್‌ಫಿಶ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಂಡು ಹೊರಟಿದ್ದೆ. ಅಂಗಡಿಯಣ್ಣ ತಡೆದ. “ಸರ್, ಇದೊಂದು ಹಾಕ್ಬಿಡಿ. ಕೆಳಗಿರೋ ಗಲೀಜೆಲ್ಲಾ ಇದೇ ತಿನ್ಕೊಳ್ಳತ್ತೆ. ನೀವು ಕೈ ಹಾಕೋದೇ ಬೇಡ.” ಬೆಲೆ ನಲವತ್ತು ರೂಪಾಯಿ. ತಾವಾಗ ನನ್ನ ಕಿರುಬೆರಳಿನಷ್ಟಿದ್ದಿರಿ. ಗಾಜಿಗೆ ಬಾಯಿ ಒತ್ತಿಕೊಂಡು ನಿಂತ ಆ ಭಂಗಿ ನೋಡಿ, ಅಬ್ಬಾ, ಎಂಥ ಕಾಯಕಜೀವಿ ಅಂದುಕೊಂಡೆ. ಟೆಂಡರ್ ಇಲ್ಲ, ಪಿ.ಎಫ್. ಇಲ್ಲ, ದಸರಾ ರಜೆ ಇಲ್ಲ. ನಲವತ್ತು ರೂಪಾಯಿಗೆ ಜೀವಮಾನದ ಸೇವೆ! ಇನ್ನೊಬ್ಬರ ಹೊಲಸು ಬಳಿಯಲೆಂದೇ ಹುಟ್ಟಿದ ಜೀವವೊಂದಿದೆ ಎಂದು ಯಾರಾದರೂ ಹೇಳಿದರೆ ನಾವು ಮರುಪ್ರಶ್ನೆ ಹಾಕದೆ ಒಪ್ಪಿಬಿಡುತ್ತೇವೆ. ಆ ರೂಢಿ ನಮ್ಮಲ್ಲಿ ಬಹಳ ಹಳೆಯದು, ಮೀನಿನಂಗಡಿಯಲ್ಲಿ ಹುಟ್ಟಿದ್ದಲ್ಲ.

ಹಾಗೆಂದು ತೊಟ್ಟಿಯ ಕೊಳೆ ತೆಗೆಯಲು ಇನ್ನೊಂದು ಜೀವವನ್ನು ನೇಮಿಸಿದವನು ನಾನೊಬ್ಬನೇ ಅಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲೇ ತನ್ನ ಗಾಜಿನ ಪಾತ್ರೆಯ ವರದಿ ಒಪ್ಪಿಸಿದ್ದ. ಎರಡು ಚಿಕ್ಕ ಗೋಲ್ಡ್‌ಫಿಶ್, ಜೊತೆಗೆ ವ್ಯಾಲಿಸ್ನೇರಿಯಾ ಎಂಬ ನೀರುಗಿಡ. ಎಲೆ ಕೊಳೆತು ನೀರು ಕದಡಿತು. ಆತ ನನ್ನಂತೆ ಕೊಳೆ ಹೀರುವ ಪೈಪು ತರಲಿಲ್ಲ, ಬಸವನಹುಳು ತಂದು ಬಿಟ್ಟ. ಹುಳು ಕೊಳೆತದ್ದನ್ನು ತಿಂದವು, ಹುಳುವಿನ ಮೊಟ್ಟೆಯನ್ನು ಮೀನು ತಿಂದವು, ಲೆಕ್ಕ ಚುಕ್ತಾ. ಇನ್ನು ನಾಲ್ಕೇ ವರ್ಷಕ್ಕೆ, 1854ರಲ್ಲಿ, ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಹೊರತಂದ. ಗಾಜಿನ ತೊಟ್ಟಿ ಇಂಗ್ಲೆಂಡಿನ ನಡುಮನೆಗಳಿಗೆ ನುಗ್ಗಿತು. ಆದರೆ ವಾರಿಂಗ್ಟನ್ನನ ಗಿಡ ಜೀವಂತವಿತ್ತು. ನನ್ನದು ಪ್ಲಾಸ್ಟಿಕ್ ಗಿಡ, ನಾಲ್ಕು ಗೋಲ್ಡ್‌ಫಿಶ್, “ಅಪ್ಪ, ಅದಕ್ಕೆ ಹಸಿವಾಗಿದೆ” ಎಂದು ದಿನಕ್ಕೆ ನಾಲ್ಕು ಸಲ ಕಾಳು ಸುರಿಯುವ ಮಗಳು, ಇದೆಲ್ಲದರ ಮೇಲೆ ತಾವು.

ತಾವು ಪಾಚಿ ತಿನ್ನುತ್ತಿದ್ದುದು ನಿಜ. ಮೊದಲ ಆರು ತಿಂಗಳು ಗಾಜು ಫಳಫಳ ಹೊಳೆಯುತ್ತಿತ್ತು, ಅದರ ಶ್ರೇಯಸ್ಸು ತಮಗೇ ಸಲ್ಲಬೇಕು. ಆದರೆ ಮೀನಿನ ಹಿಕ್ಕೆ ತಮ್ಮ ಆಹಾರವಲ್ಲ ಎಂಬ ಸಂಗತಿಯನ್ನು ಅಂಗಡಿಯಣ್ಣ ಹೇಳಲಿಲ್ಲ, ತಾವೂ ಹೇಳಲಿಲ್ಲ. ಈಗ ತಮಗೆ ಪಾಚಿ ಸಾಲದು. ಸೌತೆಕಾಯಿ ಬಿಲ್ಲೆಯನ್ನು ಸ್ಟೀಲ್ ಚಮಚಕ್ಕೆ ಸಿಕ್ಕಿಸಿ ಮುಳುಗಿಸಬೇಕು. ರಾತ್ರಿ ಇಟ್ಟರೆ ಬೆಳಿಗ್ಗೆಗೆ ಸಿಪ್ಪೆಯ ಬಳೆ ಮಾತ್ರ ಉಳಿದಿರುತ್ತದೆ. ಆಮೇಲೆ ಶುರುವಾಗುತ್ತದೆ ತಮ್ಮ ಉತ್ಪಾದನೆ. ಒರಳಿಂದ ಶ್ಯಾವಿಗೆ ಒತ್ತಿದ ಹಾಗೆ ಎಳೆ ಎಳೆಯಾಗಿ, ತುಂಡಾಗದೆ, ಹಗಲು ರಾತ್ರಿ ಇಳಿಯುತ್ತಲೇ ಇರುತ್ತದೆ. ನಾಲ್ಕು ಗೋಲ್ಡ್‌ಫಿಶ್ ಸೇರಿ ಮಾಡುವುದನ್ನು ತಾವೊಬ್ಬರೇ ಮಾಡುತ್ತೀರಿ. ಕಸ ಎತ್ತಲು ಬಂದ ಲಾರಿಯೇ ಬೀದಿಯುದ್ದಕ್ಕೂ ಕಸ ಚೆಲ್ಲುತ್ತಾ ಹೋಗುವುದು ಈ ಊರಿನವರಿಗೆ ಹೊಸತಲ್ಲ, ಬಿಡಿ.

ಮೊದಲ ವರ್ಷ ನಾನು ಮಾಡಿದ ಅನಾಹುತವನ್ನೂ ಮುಚ್ಚಿಡುವುದಿಲ್ಲ. ನೀರು ತುಂಬುವ ಹಬ್ಬ ಬಂತು. ಅಮ್ಮ ಬಚ್ಚಲ ಹಂಡೆ ತಿಕ್ಕುತ್ತಾ, “ಆ ಗಾಜಿನ ಡಬ್ಬೀನೂ ಒಂದ್ಸಲ ಚೆನ್ನಾಗಿ ಉಜ್ಜಿಬಿಡೋ” ಅಂದರು. ತಮ್ಮನ್ನೆಲ್ಲ ಬಕೆಟ್ಟಿಗೆ ವರ್ಗಾಯಿಸಿ, ನೀರು ಪೂರ್ತಿ ಚೆಲ್ಲಿ, ಕಲ್ಲು, ಫಿಲ್ಟರಿನ ಸ್ಪಂಜು ಸಮೇತ ಎಲ್ಲವನ್ನೂ ಸೋಪು ಹಾಕಿ ತಿಕ್ಕಿ, ನಲ್ಲಿ ನೀರು ತುಂಬಿದೆ. ಹಂಡೆಗಿಂತ ಹೊಳೆಯಿತು. ಬಲಿಪಾಡ್ಯಮಿ ಕಳೆಯುವಷ್ಟರಲ್ಲಿ ಮೂರು ಗೋಲ್ಡ್‌ಫಿಶ್ ಮೇಲೆ ತೇಲಿದವು. ಮೀನು ಹೊರಬಿಡುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಆ ಕಲ್ಲಿನ ಮೇಲೆ, ಆ ಕೊಳಕು ಸ್ಪಂಜಿನೊಳಗೆ ಸಂಸಾರ ಹೂಡಿದ್ದವಂತೆ. ನಾನು ಸೋಪು, ಕ್ಲೋರಿನ್ ಎರಡರಲ್ಲೂ ಅವನ್ನು ನಿರ್ನಾಮ ಮಾಡಿದ್ದೆ. ಕೂಲಿ ಕೇಳದೆ ನಿಜವಾಗಿ ದುಡಿಯುತ್ತಿದ್ದವರು ಅವರು. ಕಣ್ಣಿಗೆ ಕಾಣುತ್ತಿರಲಿಲ್ಲ, ಅದೇ ತಪ್ಪು. ತಮಗೆ ಮಾತ್ರ ಏನೂ ಆಗಲಿಲ್ಲ. ನೀರು ಕೆಟ್ಟರೆ ಮೇಲೆ ಬಂದು ಗಾಳಿ ನುಂಗುವ ವಿದ್ಯೆ ತಮಗಿದೆ.

ಅಂದಿನಿಂದ ಈ ಪೈಪು. ಒಂದೂವರೆ ಮೀಟರಿನ ಪಾರದರ್ಶಕ ಪೈಪು, ತುದಿಗೆ ತಳ ಕತ್ತರಿಸಿದ ಅರ್ಧ ಲೀಟರ್ ನೀರಿನ ಬಾಟಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ತಮಗೆ ಕೊಟ್ಟಷ್ಟೇ ದುಡ್ಡಾಯಿತು. ಬಾಟಲಿಯ ಕಡೆ ತೊಟ್ಟಿಯೊಳಗೆ, ಇನ್ನೊಂದು ತುದಿ ನೆಲದ ಮೇಲಿನ ಬಕೆಟ್ಟಿಗೆ. ಮೊದಲು ಪೈಪಿನ ಗಾಳಿ ಹೋಗಬೇಕು. ಪೈಪನ್ನೇ ಮುಳುಗಿಸಿ ನೀರು ತುಂಬಿಸಿ, ತುದಿಗೆ ಹೆಬ್ಬೆರಳು ಒತ್ತಿ ಹೊರತರುವುದು ಸಭ್ಯರ ಕ್ರಮ. ಅವಸರದವರು ಬಾಯಿಡುತ್ತಾರೆ. ಕೈಗೆ ಗಾಯವಿದ್ದರೆ ಈ ನೀರಿನಿಂದ ಚರ್ಮದ ಸೋಂಕು ಹತ್ತಬಹುದು, ಬಾಯಿಗಂತೂ ಬೇಡವೇ ಬೇಡ ಎನ್ನುತ್ತಾರೆ ತಿಳಿದವರು. ತಿಳಿದೂ ಇವತ್ತು ಬಾಯಿಟ್ಟೆ. ನೀರು ತೊಟ್ಟಿಯ ಅಂಚು ಹತ್ತಿ, ಬಾಗಿ, ಈಚೆ ಕೆಳಗಿಳಿಯುವುದು ಕಾಣುತ್ತಿರುತ್ತದೆ. ಬಾಯಿ ತೆಗೆಯಲು ಅರ್ಧ ಕ್ಷಣ ತಡವಾಗುತ್ತದೆ. ಪ್ರತಿ ಸಲವೂ ಅರ್ಧ ಕ್ಷಣ.

ಆಮೇಲಿನದು ಮಾತ್ರ ನನಗೆ ಇಷ್ಟವಾದ ಭಾಗ. ಬಾಟಲಿಯನ್ನು ಕಲ್ಲಿನೊಳಗೆ ಒಂದಿಂಚು ಹೂತರೆ ಕಲ್ಲುಗಳು ಅದರೊಳಗೆ ಎದ್ದು ಕುದಿಯುವ ಅಕ್ಕಿಯಂತೆ ಹೊರಳಾಡುತ್ತವೆ. ಅವುಗಳ ಸಂದಿಯಿಂದ ಕಂದು ಹೊಗೆ ಏಳುತ್ತದೆ. ಕಲ್ಲು ಭಾರ, ಕೊಳೆ ಹಗುರ. ಕಲ್ಲು ಮರಳಿ ಬೀಳುತ್ತದೆ, ಹೊಗೆ ಪೈಪು ಹತ್ತಿ ಬಕೆಟ್ಟಿಗೆ ಡಿಕಾಕ್ಷನ್ನಿನ ಬಣ್ಣದಲ್ಲಿ ಧುಮುಕುತ್ತದೆ. ಕಲ್ಲು ತೀರಾ ಮೇಲೇರಿದರೆ ಪೈಪನ್ನು ಬೆರಳಲ್ಲಿ ಹಿಸುಕಬೇಕು, ಬಿಡಬೇಕು, ಇನ್ನೊಂದು ಕಡೆ ಹೂಳಬೇಕು. ನಮ್ಮದು 56 ಲೀಟರಿನ ತೊಟ್ಟಿ. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 45. ಅದರಲ್ಲಿ ಕಾಲು ಭಾಗ, ಅಂದರೆ ಒಂದು ಬಕೆಟ್ ತುಂಬುವಷ್ಟು ತೆಗೆದರೆ ಸಾಕು. ಸ್ಪಂಜನ್ನು ಅದೇ ಕೊಳಕು ನೀರಲ್ಲಿ ಹಿಂಡಬೇಕು, ನಲ್ಲಿಯಡಿ ಅಲ್ಲ. ಹಿಂದಿನ ದಿನವೇ ಹಿಡಿದಿಟ್ಟು ಕ್ಲೋರಿನ್ ಹಾರಿಸಿದ ನೀರನ್ನು ನಿಧಾನಕ್ಕೆ ಸುರಿಯಬೇಕು. ಇಷ್ಟನ್ನು ನಾನು ಮಾಡುವಾಗ ನನ್ನಾಕೆ ಪ್ರತಿ ಭಾನುವಾರ ತಪ್ಪದೆ ಕೇಳುತ್ತಾಳೆ: “ರೀ, ಕ್ಲೀನ್ ಮಾಡೋಕೆ ಅಂತ ಅದನ್ನ ತಂದಿದ್ದಲ್ವಾ? ಮತ್ತೆ ನೀವ್ಯಾಕೆ ಕೂತಿದೀರಾ?”

ತಾವು ಕುಳಿತಿರುವ ನೀರಿನ ಬೆಲೆಯನ್ನೂ ತಿಳಿದಿರಬೇಕು. ಅದು ಕಾವೇರಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಹೆಚ್ಚುಕಡಿಮೆ ಅರ್ಧ ಕಿ.ಮೀ. ಎತ್ತರಕ್ಕೆ ಪಂಪು ಹೊಡೆದು ಹೊಡೆದು ಏರಿಸಿ ತಂದದ್ದು. ಅಷ್ಟು ಬೆಟ್ಟ ಹತ್ತಿಸಿದ ನೀರು ನಮ್ಮನೆಯಲ್ಲಿ ಕರೆಂಟಿಲ್ಲದೆ ಮೂರಡಿ ಇಳಿಯುತ್ತದೆ, ತಮ್ಮ ಶ್ಯಾವಿಗೆ ಹೊತ್ತು. 2024ರ ಮಾರ್ಚಿನಲ್ಲಿ ಊರೇ ಟ್ಯಾಂಕರಿಗೆ ಕಾದು ನಿಂತಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ನಮ್ಮ ಕರಿಬೇವಿನ ಗಿಡ ಆ ಬೇಸಿಗೆಯಲ್ಲೂ ಚಿಗುರಿತ್ತು. ನಾನು ಹಾಕಿದ್ದು ಕುಡಿಯುವ ನೀರಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲೆ, ಕುಡಿದು ನೋಡಿದ್ದೇನೆ.

ತಮ್ಮನ್ನು ಕೆಲಸದಿಂದ ತೆಗೆಯುವ ಯೋಚನೆ ಬರಲಿಲ್ಲವೆಂದಲ್ಲ. “ಕೆರೆಗೆ ಬಿಟ್ಬಿಡಿ ಸಾರ್, ಪುಣ್ಯ ಬರತ್ತೆ” ಅಂದರು ಎದುರುಮನೆಯವರು. ತಮ್ಮ ಪೂರ್ವಿಕರು ದಕ್ಷಿಣ ಅಮೆರಿಕದ ನದಿಗಳವರು. ಮೈತುಂಬ ಮೂಳೆಯ ಕವಚ, ಮುಳ್ಳಿನ ರೆಕ್ಕೆ. ನುಂಗಲು ಬಂದವರ ಗಂಟಲೇ ಹರಿಯಬೇಕು. ಹೀಗೆ ಪುಣ್ಯಕ್ಕೆಂದು ಬಿಟ್ಟ ತಮ್ಮ ಬಳಗ ಕೋಲ್ಕತ್ತದ ಪೂರ್ವದ ಜೌಗಿನಲ್ಲೂ ಆಂಧ್ರದ ಮೀನುಕೆರೆಗಳಲ್ಲೂ ದಡ ಕೊರೆದು ಗೂಡು ಮಾಡಿ, ಬಲೆ ಹರಿದು, ಮೀನುಗಾರರ ಶಾಪ ತಿನ್ನುತ್ತಿದೆ. ಆದ್ದರಿಂದ ಕೆರೆ ಇಲ್ಲ. ಅಂಗಡಿಯಣ್ಣನಿಗೆ ವಾಪಸು ಕೊಡಲು ಹೋದರೆ ತಮ್ಮ ಗಾತ್ರ ನೋಡಿ ನಕ್ಕ, ಇನ್ನೊಬ್ಬ ಗಿರಾಕಿಯ ಕವರಿಗೆ ಕಿರುಬೆರಳಿನಷ್ಟು ಉದ್ದದ್ದೊಂದನ್ನು ಹಾಕಿ ಕಟ್ಟಿದ. ತಾವೀಗ ಒಂದು ಗೇಣು ದಾಟಿದ್ದೀರಿ, ಇನ್ನೂ ಬೆಳೆಯುವವರು. ಹತ್ತು ಹದಿನೈದು ವರ್ಷ ಬಾಳುವ ಜಾತಿ. ನನ್ನ ನಿವೃತ್ತಿಗೆ ಎಂಟು ವರ್ಷ ಉಳಿದಿದೆ. ಮುಂದಿನ ತಿಂಗಳು ನಾಲ್ಕಡಿ ತೊಟ್ಟಿ ಬರುತ್ತಿದೆ. ಗುತ್ತಿಗೆ ನೌಕರರನ್ನು ಖಾಯಂ ಮಾಡುವಾಗ ಕ್ವಾರ್ಟರ್ಸ್ ಕೊಡಲೇಬೇಕಲ್ಲ.

ಒಂದೇ ವಿನಂತಿ. ಇವತ್ತು ಮಾಡಿದ ಹಾಗೆ ಪೈಪಿನ ಬಾಟಲಿಗೆ ತಮ್ಮ ಬಾಯಿ ಅಂಟಿಸಿಕೊಂಡು ಕೂರಬೇಡಿ. ಈ ತುದಿಯಲ್ಲಿ ನಾನೂ ಆ ತುದಿಯಲ್ಲಿ ತಾವೂ ಹೀರುತ್ತಾ ಕೂತರೆ ಬಕೆಟ್ಟಿಗೆ ಹನಿ ನೀರೂ ಬೀಳುವುದಿಲ್ಲ.

ಇಂತಿ ತಮ್ಮ ವಿಧೇಯ,
ಬಕೆಟ್ ಹಿಡಿದವನು

ವಿ.ಸೂ.: ಸೌತೆಕಾಯಿ ತುಟ್ಟಿಯಾಗಿದೆ. ನಾಳೆಯಿಂದ ಸೋರೆಕಾಯಿ.