ಟೈಲ್ಸ್ ಮೇಲಿನ ಟೆಂಟು

ಸ್ಥಳ: ಅನುಗೊಂಡನಹಳ್ಳಿ ಹೋಬಳಿಯ ಒಂದು ಶಾಲೆ. ಮಕ್ಕಳ ಶಿಬಿರದ ಪೂರ್ವಭಾವಿ ಸಭೆ. ಬೋಂಡಾ ಆಗಲೇ ಮುಗಿದಿದೆ.

ಪಿ.ಟಿ. ಮೇಷ್ಟ್ರು: ದೊಡ್ಡಬಳ್ಳಾಪುರದಲ್ಲಿ ಸ್ಕೌಟ್ಸ್-ಗೈಡ್ಸ್‌ನವರ ಶಿಬಿರ ಕೇಂದ್ರ ಇದೆ ಸಾರ್, ಅಲ್ಲಿಗೇ ಹೋಗೋಣ.

ಪೋಷಕರು: ಅಲ್ಲಿ ಮರಗಳಿವೆಯಂತೆ!

ಹೆಡ್ಮಾಸ್ಟರು: ಹಾಗಾದ್ರೆ ಬೇಡ. ಮರ ಅಂದ್ರೆ ಇರುವೆ, ಇರುವೆ ಅಂದ್ರೆ ವಾಟ್ಸಾಪ್ ಗ್ರೂಪು. ಸಭಾಂಗಣದಲ್ಲೇ ಶಿಬಿರ.

ಮೇಷ್ಟ್ರು: ಹಾವು ಕಚ್ಚಿದ್ರೆ ಏನು ಮಾಡ್ಬೇಕು ಅಂತಾದ್ರೂ ಕಲಿಸೋಣ.

ಪೋಷಕರು: ಬಿಗಿಯಾಗಿ ಹಗ್ಗ ಕಟ್ಟೋದು, ಬ್ಲೇಡಲ್ಲಿ ಕೊಯ್ಯೋದು. ಸಿನಿಮಾದಲ್ಲಿ ನೋಡಿದ್ದೀನಿ.

ಅಡುಗೆ ಅಕ್ಕ (ಲೋಟ ಎತ್ತುತ್ತ): ಎರಡೂ ಮಾಡಬಾರದು ಸ್ವಾಮಿ. ಕಚ್ಚಿದ ಕಾಲು ಅಲ್ಲಾಡದಂಗೆ ಇಟ್ಟು 108ಕ್ಕೆ ಫೋನ್ ಮಾಡಬೇಕು. ಔಷಧಿ ಇರೋದು ಆಸ್ಪತ್ರೇಲಿ.

(ಇಡೀ ಸಭೆಯಲ್ಲಿ ಕೆಲಸಕ್ಕೆ ಬಂದ ಮಾತು ಇದೊಂದೇ. ನಡಾವಳಿಯಲ್ಲಿ ದಾಖಲಾಗಲಿಲ್ಲ.)

ಹೆಡ್ಮಾಸ್ಟರು: ನಿಮ್ಮ ಹತ್ರ ಸರ್ಟಿಫಿಕೇಟ್ ಇದೆಯಾ?

ಅಕ್ಕ: ರಾಗಿ ಹೊಲ ಇದೆ.

ಪೋಷಕರು: ಅದಿರಲಿ, ಶಿಬಿರಾಗ್ನಿ?

ಹೆಡ್ಮಾಸ್ಟರು: ಪ್ರೊಜೆಕ್ಟರಲ್ಲಿ. ಪಕ್ಕದಲ್ಲಿ ಮರಳಿನ ಬಕೆಟ್ ಇರಲಿ, ಫೋಟೋಗೆ.

ಮೇಷ್ಟ್ರು: ಟೆಂಟಿನ ಗೂಟ ಟೈಲ್ಸಿಗೆ ಹೊಡೀಲಾ ಸಾರ್?

ಹೆಡ್ಮಾಸ್ಟರು: ಬೆಂಚಿಗೆ ಕಟ್ರೀ. ಗಂಟು ಹಾಕೋದು ಯಾರಿಗೆ ಬರುತ್ತೆ?

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಷ್ಟರಲ್ಲಿ ಅಕ್ಕ ದನ ಕಟ್ಟಲು ಮನೆಗೆ ಹೊರಟಾಗಿತ್ತು.