ಸ್ವಗೃಹ-ಸ್ವೋದ್ಯೋಗ-ಸಂತೃಪ್ತಿ: ಪುಲಿಗೆರೆ ಪರಿಸರವನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ಅಧ್ಯಯನ

ಮನೆಯಲ್ಲೇ ಕುಳಿತು ತನಗೆ ತಾನೇ ದುಡಿಯುವ ವ್ಯಕ್ತಿಯ ಸಂತೃಪ್ತಿಯನ್ನು ಸಾಮಾಜಿಕ, ಆರ್ಥಿಕ, ಸಾಂಸ್ಕೃತಿಕ ಹಾಗೂ ಇತರೆ ಆಯಾಮಗಳ ಮೂಲಕ ಮುಖಾಮುಖಿಯಾಗಿಸಿ, ತನ್ಮೂಲಕ ಅದರ ತಾತ್ವಿಕ ನೆಲೆಗಳನ್ನು ಕಟ್ಟಿಕೊಡುವುದು ಪ್ರಸ್ತುತ ಅಧ್ಯಯನದ ಉದ್ದೇಶವಾಗಿದೆ. 'ಇತರೆ' ಎಂದರೆ ಯಾವುವು ಎಂದು ಇದುವರೆಗೆ ಯಾವ ಮೌಖಿಕ ಪರೀಕ್ಷೆಯಲ್ಲೂ ಯಾರೂ ಕೇಳಿಲ್ಲವಾದ್ದರಿಂದ ಇಲ್ಲಿಯೂ ವಿವರಿಸಿಲ್ಲ.

ಸಂಶೋಧಕನ ಅರ್ಹತೆ: ಲಕ್ಷ್ಮೇಶ್ವರದ ಒಂದು ಓಣಿಯಲ್ಲಿ, ಪಡಸಾಲೆಯ ಮೂಲೆಯಲ್ಲಿ, ಪುಟಕ್ಕಿಷ್ಟು ಎಂದು ಪಿಎಚ್.ಡಿ. ಪ್ರಬಂಧಗಳನ್ನು ಡಿಟಿಪಿ ಮಾಡಿಕೊಡುವುದು. ಓದದೆ ಟೈಪು ಮಾಡಿದರೆ ತಪ್ಪು ಬೀಳುತ್ತವೆ. ಓದಿ ಮಾಡಿದರೆ ತಲೆ ಹಿಡಿಯುತ್ತದೆ. ಅಧ್ಯಯನದ ಪ್ರೇರಣೆ ಇದೇ.

ಅಧ್ಯಯನದ ಕ್ಷೇತ್ರ ಸಾಮಾನ್ಯವಾದುದಲ್ಲ. ತಿರುಳ್ಗನ್ನಡದ ನಾಡು ಯಾವುದೆಂದು ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲೇ ಗೆರೆ ಎಳೆದಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆ ಹೆಸರಿಸಿದ ಪುಲಿಗೆರೆ ಎಂದರೆ ನಮ್ಮದೇ ಲಕ್ಷ್ಮೇಶ್ವರ. ಪಂಪ 941ರ ಹೊತ್ತಿಗೆ ತನ್ನ ಭಾರತವನ್ನು ಬರೆದದ್ದು ಈ ಪುಲಿಗೆರೆಯ ಕನ್ನಡದಲ್ಲಿ. ಅದೇ ಊರಿನಲ್ಲಿ ಕುಳಿತು ನಾನು 'ಅಂತರ್‌ಶಿಸ್ತೀಯ ಪರಿಪ್ರೇಕ್ಷ್ಯದೊಳಗಿನ ಸಬಲೀಕರಣ ಸಂಕಥನಗಳ ವಿನ್ಯಾಸ' ಎಂದು ಟೈಪು ಮಾಡಿ ಹೊಟ್ಟೆ ಹೊರೆಯುತ್ತಿದ್ದೇನೆ. ಊರ ಗುಡಿಯ ಸೋಮೇಶ್ವರ ನೋಡುತ್ತಿದ್ದಾನೆ.

ಸಂತೃಪ್ತಿಯನ್ನು ಮುಖ್ಯವಾಗಿ ಐದು ಬಗೆಯಾಗಿ ವರ್ಗೀಕರಿಸಬಹುದಾಗಿದೆ.

ಮೊದಲನೆಯದು ಕಾಲಸ್ವಾಯತ್ತತಾ ಸಂತೃಪ್ತಿ. ಸ್ವೋದ್ಯೋಗಿಯು ತನಗೆ ಬೇಕಾದಾಗ ದುಡಿಯಬಹುದು. ಇದರಿಂದ ಫಲಿಸುವ ಉಪಪ್ರಮೇಯವೆಂದರೆ, ಉಳಿದವರಿಗೆ ಬೇಕಾದಾಗಲೂ ದುಡಿಯಬೇಕು. ರಾತ್ರಿ ಹನ್ನೊಂದಕ್ಕೆ ಕದ ಬಡಿಯುವ ಸಂಶೋಧನಾರ್ಥಿಯ ಹೇಳಿಕೆಯನ್ನು ಇಲ್ಲಿ ಗಮನಿಸಬಹುದು: "ಸರ, ನಾಳೆ ಸಬ್‌ಮಿಷನ್ ಐತ್ರಿ. ನೀವು ಹೆಂಗೂ ಮನ್ಯಾಗ ಇರ್ತೀರಲ್ರಿ."

ಎರಡನೆಯದು ನಿರ್ಮೇಲಾಧಿಕಾರಿತ್ವ ಸಂತೃಪ್ತಿ. ಮೇಲೆ ಯಾರೂ ಇಲ್ಲ. ಎದುರಿಗೆ ಮಾತ್ರ ಸಂಶೋಧನಾರ್ಥಿ, ಅವನ ಹಿಂದೆ ಮಾರ್ಗದರ್ಶಕರು, ಅವರ ಹಿಂದೆ ಅವರ ಕೆಂಪು ಪೆನ್ನು.

ಮೂರನೆಯದು ಲುಂಗಿ-ಸಂತೃಪ್ತಿ. ಇದಕ್ಕೆ ಸಂಸ್ಕೃತ ಹೆಸರು ಹುಡುಕಿದೆ, ಸಿಗಲಿಲ್ಲ. ಇದು ಖರೆ. ಮಧ್ಯಾಹ್ನ ಒಂದಕ್ಕೆ ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಹಂಚಿನ ಮೇಲಿನ ಬಿಸಿ ರೊಟ್ಟಿ, ಗುರೆಳ್ಳು ಹಿಂಡಿ, ಮೊಸರು. ಉಂಡು ಅಲ್ಲೇ ಅಡ್ಡಾಗಬಹುದು. ಗದಗಕ್ಕೆ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುವ ನೌಕರದಾರನಿಗೆ ಈ ಸುಖ ಭಾನುವಾರಕ್ಕೊಂದು ಸಲ.

ನಾಲ್ಕನೆಯದೂ ಇತ್ತು, ಐದನೆಯದೂ ಇತ್ತು. ಬಿಡ್ರಿ.

ಕ್ಷೇತ್ರಕಾರ್ಯ. ವಕ್ತೃ-1: ನಮ್ಮ ಓಣಿಯ ಅಕ್ಕ. ಉದ್ಯೋಗ: ಖಡಕ್ ರೊಟ್ಟಿ. ನಸುಕಿನ ನಾಲ್ಕಕ್ಕೆ ಎಸರಿಟ್ಟು, ಹಿಟ್ಟು ನಾದಿ, ಬಡಿಯಲು ಕುಳಿತರೆ ಆ ಸಪ್ಪಳವೇ ನನಗೆ ಅಲಾರಾಂ. ಗೃಹಾಧಾರಿತ ಮಹಿಳಾ ಉದ್ಯಮಶೀಲತೆಯನ್ನು ಕುರಿತು ಈ ಕಡೆ ಒಂದು ರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ಅದರ ಒಂದು ಪ್ರಬಂಧದಲ್ಲಿ ಅಕ್ಕ ದತ್ತಾಂಶವಾಗಿದ್ದಳು. ಮಧ್ಯಾಹ್ನದ ಊಟಕ್ಕೆ ಅವಳ ರೊಟ್ಟಿಯೇ ಇತ್ತು. ಪ್ರಬಂಧ ಟೈಪು ಮಾಡಿದವನು ನಾನು. ರೊಟ್ಟಿಯನ್ನು ವಿದ್ವಾಂಸರು ಬಹಳ ಹೊಗಳಿದರು, ಕಟ್ಟಿಸಿಕೊಂಡೂ ಹೋದರು. ಬಿಲ್ಲು ಇನ್ನೂ ಪಾಸಾಗಿಲ್ಲ.

ಆ ಪ್ರಬಂಧದಲ್ಲಿ ಒಂದು ಕೋಷ್ಟಕವಿತ್ತು. ಕೇಂದ್ರ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆಯದು. ಕೂಲಿಯಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ಆಗ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. 'ಆ 299 ಬೋಲ್ಡ್ ಮಾಡ್ರಿ' ಎಂದರು ಪ್ರಬಂಧಕಾರರು. ಮಾಡಿದೆ. ಅಕ್ಕ ಮಾರುವ ರೊಟ್ಟಿಯೂ ಮಕ್ಕಳ ಬುತ್ತಿಯ ರೊಟ್ಟಿಯೂ ಒಂದೇ ನಾದಿನ ಹಿಟ್ಟಿನಲ್ಲಿ, ಒಂದೇ ಹಂಚಿನ ಮೇಲೆ ಬೇಯುತ್ತವೆ. ಅದರಲ್ಲಿ ಯಾವ ನಿಮಿಷ ಉದ್ಯಮಶೀಲತೆ, ಯಾವ ನಿಮಿಷ ಬರಿಯ ಮನೆಗೆಲಸ? ಮನೆಯಲ್ಲಿ ಕೂತು ಕೂಲಿಗೆ ದುಡಿಯುವವರಿಗೂ ಉಳಿದ ಕೂಲಿಕಾರರ ಹಕ್ಕೇ ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ 177ನೆಯ ಒಡಂಬಡಿಕೆ ಮಾಡಿತು. ಭಾರತ ಅದಕ್ಕೆ ಇನ್ನೂ ಒಪ್ಪಿಗೆ ಹಾಕಿಲ್ಲ. ಆ ಸಂಗತಿ ಅನುಬಂಧದಲ್ಲಿತ್ತು, ಪುಟ ಜಾಸ್ತಿಯಾಯಿತೆಂದು ತೆಗೆಸಿದರು.

ಪೂರ್ವಸೂರಿಗಳಲ್ಲಿ ನನಗೆ ನೆನಪಾಗುವವರು ಒಬ್ಬರೇ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದವರು. ತನಗೆ ತಾನೇ ದುಡಿಯುವವನಿಗೆ ಮೊದಲು ಬೇಕಾದದ್ದು ಹೊತ್ತಿಗೆ ಸಿಗುವ ರೊಕ್ಕ ಎಂಬುದು ಅವರಿಗೆ ಗೊತ್ತಿತ್ತು. ಸಂತೃಪ್ತಿಯ ಮಾತು ಅವರು ಆಡಿದಂತಿಲ್ಲ.

ಈಗಿನ ಲೆಕ್ಕ ನೋಡಿ. ಸಂತೆಯಲ್ಲಿ ಜೋಳ ಕೊಳ್ಳಲು ಅಕ್ಕ ನಗದು ಕೊಡಬೇಕು. ಗಿರಣಿಗೆ ನಗದು, ಸಿಲಿಂಡರಿಗೆ ನಗದು. ರೊಟ್ಟಿ ಮಾತ್ರ ಉದ್ರಿ. ಸಂಬಳ ಪಡೆಯುವವರು ತುಂಬಿದ ಸಂಸ್ಥೆಯೊಂದಕ್ಕೆ, ಅನುದಾನ ಬಂದ ಸಂಕಿರಣಕ್ಕೆ, ಹಂಚಿನ ಮುಂದೆ ಕೈ ಸುಟ್ಟುಕೊಂಡ ಹೆಂಗಸು ಬಡ್ಡಿಯಿಲ್ಲದ ಸಾಲ ಕೊಟ್ಟು ಕುಳಿತಿದ್ದಾಳೆ. ಕೇಳಲು ಹೋದರೆ ಗುಮಾಸ್ತರು, 'ಮನ್ಯಾಗ ಮಾಡೂದಲ್ಲೇನ್ ಬೇ, ಅದಕ್ಯಾಕ ಅವಸರಾ?' ಎಂದು ಕಳಿಸುತ್ತಾರೆ. ಅವರ ಸಂಬಳ ಒಂದನೆಯ ತಾರೀಕು ದಾಟಿದರೆ ಅವರಿಗೆಷ್ಟು ಅವಸರ ಎಂಬುದನ್ನು ಯಾವ ಪ್ರಬಂಧವೂ ಅಧ್ಯಯನ ಮಾಡಿಲ್ಲ. ಇದನ್ನು ಸಬಲೀಕರಣ ಎಂದು ಟೈಪು ಮಾಡುವಾಗ ನನ್ನ ಬೆರಳು ತಡೆಯಬೇಕಿತ್ತು. ತಡೆಯಲಿಲ್ಲ, ಪುಟಕ್ಕಿಷ್ಟು ಅಂತ ಇತ್ತಲ್ಲ. ನನ್ನ ಹಣವೂ ವೈವಾ ಮುಗಿದ ಮೇಲಂತೆ.

ಆದಾಗ್ಯೂ ಅಧ್ಯಯನದ ಶಿಸ್ತಿಗೆ ಅನುಗುಣವಾಗಿ ಪ್ರಶ್ನಾವಳಿಯ ಕೊನೆಯ ಪ್ರಶ್ನೆಯನ್ನು ವಕ್ತೃ-1ರ ಮುಂದಿಡಲಾಯಿತು: ಮನೆಯಿಂದಲೇ ಸ್ವಂತ ದುಡಿಮೆ ಮಾಡುವುದರಲ್ಲಿ ತಮಗೆ ದೊರೆತ ಸಂತೃಪ್ತಿಯ ಸ್ವರೂಪವೇನು? ಅವಳು ಒದ್ದೆ ಅರಿವೆಯಿಂದ ರೊಟ್ಟಿಯ ಮೇಲೆ ನೀರು ಸವರಿ, ತಿರುವಿ ಹಾಕಿ, "ಸಮಾಧಾನ ಏನಪಾ ತಮ್ಮಾ, ರೊಕ್ಕಾ ಬಂದ ದಿನ ಬಾ, ಹೇಳ್ತೇನಿ" ಎಂದಳು.

ಉತ್ತರ ದೊರೆತ ಕೂಡಲೇ ಉಪಸಂಹಾರವನ್ನು ಸಲ್ಲಿಸಲಾಗುವುದು.