ಪಿನಿಯನ್ ಪಂಡಿತರು

ಸಖರಾಯಪಟ್ಟಣದಲ್ಲಿ ಕಾಫಿ ಅಂಗಡಿ ಎಂದಮೇಲೆ ಅದರ ಮುಂದೊಂದು ಬೆಂಚು ಇರಲೇಬೇಕು. ಬೆಂಚು ಎಂದಮೇಲೆ ಅದರ ಮೇಲೆ ಪಿನಿಯನ್ ಪಂಡಿತರು ಇರಲೇಬೇಕು. ಇದು ಅಪ್ಪ-ಅಮ್ಮ ಇಟ್ಟ ಹೆಸರಲ್ಲ, ಬೆಂಚಿನವರು ಕೊಟ್ಟ ಬಿರುದು. ಪಂಡಿತರು ಒಂದು ದಿನವೂ ಗ್ಯಾರೇಜಿನಲ್ಲಿ ಕೆಲಸ ಮಾಡಿದವರಲ್ಲ. ಅವರ ಕೈಗೆ ಗ್ರೀಸು ಹತ್ತಿದ್ದನ್ನು ಕಂಡವರಿಲ್ಲ, ಬಿಳಿ ಪಂಚೆ ಇವತ್ತಿಗೂ ಬಿಳಿಯೇ. ಆದರೆ ರಸ್ತೆಯಲ್ಲಿ ಹಳೇ ಜೀಪೊಂದು ಹಾದುಹೋದರೆ ಸಾಕು. ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ, ಬಲಗಿವಿಯನ್ನು ರಸ್ತೆ ಕಡೆಗೆ ಕೊಡುತ್ತಾರೆ. ಜೀಪು ಮುಂದಿನ ಅಂಗಡಿ ದಾಟುವಷ್ಟರಲ್ಲಿ ತೀರ್ಪು ಹೊರಬಿದ್ದಿರುತ್ತದೆ: “ಹಿಂದಿನ ಹೌಸಿಂಗು. ಕ್ರೌನ್ ಪಿನಿಯನ್ ತಿಂದುಹಾಕಿದೆ. ಶಿವರಾತ್ರಿವರೆಗೂ ಬರಲ್ಲ, ಬರ್ಕೊಳಿ.”

ಇಂಥವರಿಗೆ ಇದು ಹೇಳಿ ಮಾಡಿಸಿದ ಊರು. ಇತ್ತ ಕಡೂರಿನ ಬಯಲು, ಅತ್ತ ಬಾಬಾಬುಡನ್‌ಗಿರಿಯ ಸಾಲು. ಕಾಫಿ ಎಸ್ಟೇಟಿನಿಂದ ಇಳಿದು ಬಂದ ಜೀಪು, ಅಯ್ಯನಕೆರೆ ಕೆಳಗಿನ ತೋಟದಿಂದ ಎದ್ದು ಬಂದ ಜೀಪು, ಮೂರನೇ ಕೈ ದಾಟಿ ನಾಲ್ಕನೇ ಕೈಗೆ ಹೊರಟ ಜಿಪ್ಸಿ, ಎಲ್ಲವೂ ಚಿಕ್ಕಮಗಳೂರು ರಸ್ತೆಯಲ್ಲೇ ಓಡಾಡಬೇಕು. ಈ ಫೋರ್ ವೀಲ್ ಗಾಡಿಗಳ ಹೊಟ್ಟೆಯ ಕೆಳಗೆ ಸದ್ದು ಮಾಡುವ ಸಾಮಾನುಗಳಿಗೆ ಬರವಿಲ್ಲ. ಗೇರ್‌ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸು, ಅದರಿಂದ ಮುಂದಕ್ಕೊಂದು ಹಿಂದಕ್ಕೊಂದು ಶಾಫ್ಟು, ಶಾಫ್ಟಿನ ಎರಡು ತುದಿಗೂ ಕ್ರಾಸು ಎಂಬ ಕೀಲು, ಮುಂದೊಂದು ಹಿಂದೊಂದು ಹೌಸಿಂಗು, ಅದರೊಳಗೆ ಶಾಫ್ಟಿನ ತಿರುವನ್ನು ಚಕ್ರಗಳಿಗೆ ದಾಟಿಸುವ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳು, ನಾಲ್ಕು ಹಬ್ಬು. ಬೇರೆ ಕಾರುಗಳಲ್ಲಿ ಒಂದು ಕಡೆ ಬರುವ ಕಾಯಿಲೆ ಇವಕ್ಕೆ ಎರಡು ಕಡೆ ಬರಬಹುದು. ಪಂಡಿತರಿಗೆ ಪುರುಸೊತ್ತಿಲ್ಲ.

ಅವರ ವಿದ್ಯೆಯ ಮೂಲ ಕೇಳಬಾರದು. “ವಿಲ್ಲೀಸ್ ಕಾಲದಿಂದ ನೋಡಿದೀನಪ್ಪ” ಎನ್ನುತ್ತಾರೆ. ಮಹೀಂದ್ರದವರು ಬಿಡಿಭಾಗ ತರಿಸಿ ವಿಲ್ಲೀಸ್ ಜೀಪು ಜೋಡಿಸಲು ಶುರುಮಾಡಿದ್ದು 1940ರ ದಶಕದ ಕೊನೆಯಲ್ಲಿ. ಆಧಾರ್ ಕಾರ್ಡನ್ನು ನಂಬುವುದಾದರೆ ಪಂಡಿತರು ಆಗಿನ್ನೂ ಹುಟ್ಟಿರಲಿಲ್ಲ. ಹಳೇ ಗಾಡಿ ಮಾರುವವರು ಹೌಸಿಂಗಿನ ಸದ್ದು ಅಡಗಿಸಲು ಆಯಿಲ್ ಜೊತೆ ಬಾಳೆಹಣ್ಣು ಹಾಕುತ್ತಿದ್ದರೆಂಬ ಕತೆಯನ್ನು ಬೇರೆಯವರೂ ಹೇಳುತ್ತಾರೆ. ಆದರೆ “ಪಚ್ಚಬಾಳೆ ಆಗಲ್ಲ, ಏಲಕ್ಕಿ ಬಾಳೆಯೇ ಆಗಬೇಕು” ಎಂದು ಖಚಿತವಾಗಿ ಹೇಳುವವರು ಇವರೊಬ್ಬರೇ.

ಪಂಡಿತರ ನಿಘಂಟಿನಲ್ಲಿ ಸದ್ದುಗಳು ಬೇಕಾದಷ್ಟಿವೆ. ಗುಂಯ್, ಕಟಕಟ, ಚಿಕ್‌ಚಿಕ್, ಧಡ್. ಅರ್ಥ ಮಾತ್ರ ಒಂದೇ: ಪಿನಿಯನ್. ಒಮ್ಮೆ ಯಾರದೋ ಜೀಪಿನಿಂದ ಬಂದ ಖಣಖಣ ಸದ್ದಿಗೂ ಅದೇ ತೀರ್ಪಾಯಿತು. ಬಗ್ಗಿ ನೋಡಿದರೆ ಹಿಂದಿನ ಸೀಟಿನ ಕೆಳಗೆ ಹಾಲಿನ ಕ್ಯಾನು ಉರುಳಾಡುತ್ತಿತ್ತು.

ಇದರ ತಮಾಷೆ ಗೊತ್ತಾಗಬೇಕಾದರೆ ಅಲ್ಲೇ ರಸ್ತೆಯಾಚೆ ಕೆಲಸ ಮಾಡುವ ಮೇಸ್ತ್ರಿಯನ್ನು ನೋಡಬೇಕು. ಆತ ಮಾತಾಡುವುದೇ ಕಡಿಮೆ. ಗುಂಯ್‌ಗುಡುವ ಗಾಡಿ ಬಂದರೆ ತಾನೇ ಹತ್ತಿ ಒಂದು ಸುತ್ತು ಹೋಗುತ್ತಾನೆ. ಟಾರು ಬಿಟ್ಟು ಮಣ್ಣಿಗಿಳಿದಾಗ ಸದ್ದು ಬದಲಾದರೆ ಮೊದಲ ಅನುಮಾನ ಟೈರಿನ ಮೇಲೆ. ಓಡುತ್ತಿರುವಾಗ ನ್ಯೂಟ್ರಲ್ ಮಾಡಿದರೂ ಸದ್ದು ಹಾಗೇ ಇದ್ದರೆ ಇಂಜಿನ್ನನ್ನು ಪಕ್ಕಕ್ಕಿಟ್ಟು ಚಕ್ರ, ಶಾಫ್ಟು, ಹೌಸಿಂಗಿನ ಕಡೆ ಬರುತ್ತಾನೆ. ಸ್ಟೀರಿಂಗು ಬಲಕ್ಕೆ ಎಳೆದಾಗ ಗಾಡಿಯ ಭಾರ ಎಡಚಕ್ರದ ಮೇಲೆ ಬೀಳುತ್ತದೆ. ಆಗ ಗುಂಯ್ ಜೋರಾದರೆ ಎಡಗಡೆಯ ಹಬ್ ಬೇರಿಂಗು. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದರೆ ಮಾತ್ರ ಪಂಡಿತರ ಪಿನಿಯನ್‌ಗೆ ಅವಕಾಶ. ನಿಧಾನ ಹೋಗುವಾಗ ಚಕ್ರದ ವೇಗಕ್ಕೆ ತಾಳೆಯಾಗದ ಹಾಗೆ ಬಿರುಸಾಗಿ ಚಿಕ್‌ಚಿಕ್ ಅಂದರೆ ಕ್ರಾಸಿನ ಗ್ರೀಸು ಒಣಗಿದೆ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಜೀಪಿನ ಶಾಫ್ಟು ನಾಲ್ಕಕ್ಕೂ ಹೆಚ್ಚು ಸುತ್ತು ಬರುತ್ತದಲ್ಲ. ಹೊರಡುವಾಗ ಒಮ್ಮೆ, ರಿವರ್ಸಿಗೆ ಹಾಕಿದಾಗ ಒಮ್ಮೆ ಧಡ್ ಅಂದರೆ ಅದೇ ಕ್ರಾಸು ಸವೆದು ಆಟ ಬಂದಿರಬಹುದು. ಆಮೇಲೆ ಕೆಳಗೆ ಮಲಗಿ ಶಾಫ್ಟನ್ನು ಕೈಯಲ್ಲಿ ಅಲ್ಲಾಡಿಸಿ ನೋಡುತ್ತಾನೆ. ಕಬ್ಬಿಣದ ಚಾಸಿಸ್ಸಿನಲ್ಲಿ ಹಿಂದೆ ಹುಟ್ಟಿದ ಸದ್ದು ಮುಂದೆ ಕೇಳಿಸುತ್ತದೆಂದು ಗೊತ್ತಿರುವವನು ಬರೀ ಕಿವಿಯನ್ನು ನಂಬುವುದಿಲ್ಲ.

ಮೊನ್ನೆ ತೋಟದ ಗೌಡರೊಬ್ಬರ ಹಳೇ ಎಂಎಂ 540 ಜೀಪು ಬಂತು. ತಿರುವಿನಲ್ಲಿ ಸ್ಟೀರಿಂಗು ಬಿಗಿ, ಟೈರು ಉಜ್ಜುವ ಸದ್ದು, ಕೆಳಗೆಲ್ಲೋ ಕಟ್, ಧಡ್. ಪಂಡಿತರು ಕಣ್ಣು ತೆರೆಯದೆಯೇ, “ಗೌಡ್ರೆ, ಪಿನಿಯನ್. ಮುಂದಿನದೂ ಹೋಗಿದೆ, ಹಿಂದಿನದೂ ಹೋಗಿದೆ. ಅಡಿಕೆ ಮಾರಿದ ದುಡ್ಡು ಖರ್ಚು ಮಾಡ್ಬೇಡಿ” ಎಂದರು. ಗೌಡರ ಮುಖ ಸಪ್ಪಗಾಯಿತು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಬಂದ.

“ಯಾವಾಗಿಂದ ಹಿಂಗೆ?”

“ನೆನ್ನೆ ಸಾಯಂಕಾಲದಿಂದ.”

“ನೆನ್ನೆ ಎಲ್ಲಿಗೋಗಿತ್ತು?”

“ತೋಟದಲ್ಲಿ ಹೂತ್ಕೊಂಡಿತ್ತು ಕಣಯ್ಯ. ನಮ್ಮ ಹುಡುಗ ಫೋರ್ ವೀಲ್ ಹಾಕಿ ಎಬ್ಬಿಸ್ದ.”

“ಆಮೇಲೆ ತೆಗೆದ್ನಾ?”

ಗೌಡರು ಹುಡುಗನನ್ನು ನೋಡಿದರು. ಹುಡುಗ ಅಯ್ಯನಕೆರೆ ಕಡೆ ನೋಡಿದ.

ಮೇಸ್ತ್ರಿ ಫೋರ್ ವೀಲಿನ ಗಿಡ್ಡ ಲಿವರು ಎಳೆದ. ಬರಲಿಲ್ಲ. ಜೀಪನ್ನು ನಾಲ್ಕು ಮಾರು ನೇರ ರಿವರ್ಸ್ ತೆಗೆದುಕೊಂಡು ಮತ್ತೆ ಎಳೆದ. ಟಕ್ ಎಂದು ಬಂತು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದಾರಿ ಸವೆಸುತ್ತವೆ. ಈ ಜೀಪುಗಳಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದೇ ವೇಗದಲ್ಲಿ ತಿರುಗಬೇಕು; ವ್ಯತ್ಯಾಸ ನುಂಗಲು ನಡುವೆ ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಿ ಟೈರು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಟಾರಿನಲ್ಲಿ ಜಾರಲು ಬರದೆ ಶಾಫ್ಟುಗಳು ಒಳಗೊಳಗೇ ತಿರುಚಿಕೊಂಡು, ಲಿವರನ್ನೇ ಕಚ್ಚಿ ಹಿಡಿಯುತ್ತವೆ. ಕೂಲಿ ಎಷ್ಟೆಂದು ಕೇಳಿದ್ದಕ್ಕೆ ಮೇಸ್ತ್ರಿ, “ಕಾಫಿ ಕುಡಿಸಿ ಗೌಡ್ರೆ” ಎಂದ.

ಬೆಂಚಿನವರೆಲ್ಲ ಪಂಡಿತರ ಕಡೆ ತಿರುಗಿದರು. ಪಂಡಿತರು ಪಂಚೆ ಸರಿಮಾಡಿಕೊಂಡು, “ನಾ ಹೇಳಿದ್ದೂ ಅದನ್ನೇ. ಹಿಂಗೇ ಓಡಿಸಿದ್ರೆ ಕೊನೆಗೆ ಹೋಗೋದೇನು? ಪಿನಿಯನ್ ತಾನೆ?” ಎಂದು ಗೌಡರ ಲೆಕ್ಕದಲ್ಲಿ ತಮಗೂ ಒಂದು ಕಾಫಿ ಹೇಳಿದರು. ಯಾರಿಗೂ ಉತ್ತರ ಹೊಳೆಯಲಿಲ್ಲ. ಎಲ್ಲ ಹಳೇ ಗಾಡಿಯ ಪಿನಿಯನ್ನೂ ಒಂದಲ್ಲ ಒಂದು ದಿನ ಸವೆಯುವುದರಿಂದ ಪಂಡಿತರು ಈವರೆಗೆ ಸೋತಿಲ್ಲ, ಮುಂದೆಯೂ ಸೋಲುವುದಿಲ್ಲ.

ನಿಮ್ಮ ಮನೆಯಲ್ಲೂ ಸದ್ದು ಮಾಡುವ ಹಳೇ ಫೋರ್ ವೀಲ್ ಇದ್ದರೆ, ಸದ್ದು ಯಾವಾಗ ಬರುತ್ತದೆ, ಎಂಥ ರಸ್ತೆಯಲ್ಲಿ, ಒತ್ತಿದಾಗಲೋ ಬಿಟ್ಟಾಗಲೋ, ಯಾವ ಕಡೆ ತಿರುಗಿದಾಗ ಎಂಬುದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಗಾಡಿ ಕೊಟ್ಟಾಗ ಇವನ್ನೆಲ್ಲ ಯಾರು ತಾವಾಗಿ ಕೇಳುತ್ತಾರೋ ಅವರ ಕೈಗೆ ಕೀ ಕೊಡಿ. ಕೇಳುವ ಮೊದಲೇ ಕಾಯಿಲೆಯ ಹೆಸರು ಹೇಳುವವರಿಗೆ ಒಂದು ಕಾಫಿ ಕೊಡಿಸಿ, ಕೀಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.